ಬೋಳುಮಂಡೆ ಗುಡ್ಡದ ಗಡಿ

ಬೋಳುಮಂಡೆ ಗುಡ್ಡದ ಶಿಖರದಲ್ಲಿ ಇದ್ದದ್ದು ಮುಳ್ಳುಹುಲ್ಲು ಮತ್ತು ಗಾಳಿ. ಗುಡ್ಡದ ಈಚೆಗಿನ ಹುರುಳಿ ಹೊಲಗಳು ಮಾದನೂರಿನ ಅರಸ ಚೆಂಗರಾಯನವು. ಶಿಖರವೂ ಅದರಾಚೆಯ ಹಳ್ಳವೂ ನೆರೆಯ ಅರಸನವು. ಅಪ್ಪ, ಅಜ್ಜ, ಮುತ್ತಜ್ಜ ಯಾರಿಗೂ ಬೇಡವಾಗಿದ್ದ ಆ ಶಿಖರ ಒಂದು ಬೆಳಿಗ್ಗೆ ಚೆಂಗರಾಯನಿಗೆ ಬೇಕೇ ಬೇಕಾಯಿತು.

“ನನ್ನ ಕಣ್ಣಿಗೆ ಕಾಣುವುದೆಲ್ಲ ನನ್ನದೇ!” ಎಂದು ಸಭೆಯಲ್ಲಿ ಮೀಸೆ ತಿರುವಿದ.

“ಸೂರ್ಯನೂ ಕಾಣುತ್ತಾನೆ ಪ್ರಭು. ಅವನಿಗೂ ಒಂದು ಓಲೆ ಕಳಿಸೋಣವೇ?” ಎಂದ ಆಸ್ಥಾನದ ವಿದೂಷಕ ಬೊಪ್ಪಯ್ಯ.

ಅರಸನಿಗೆ ಕೇಳಿಸಲಿಲ್ಲ. ಬೇಡದ ಮಾತಿಗೆ ಅರಸರ ಕಿವಿ ಮಂದ.

ಗಡಿ ಜಗಳ ಬಂದರೆ ಆ ಸೀಮೆಯಲ್ಲೊಂದು ಪದ್ಧತಿ. ಹಸಿಮಣ್ಣಿನ ಹೆಂಟೆ ತಲೆಯ ಮೇಲೆ ಹೊತ್ತು, ಮಕ್ಕಳು ಮೊಮ್ಮಕ್ಕಳ ಮೇಲೆ ಆಣೆಯಿಟ್ಟು ಒಬ್ಬ ನಡೆಯಬೇಕು. ಅವನು ನಡೆದದ್ದೇ ಗಡಿ.

“ತಳವಾರ ಕೆಂಚಜ್ಜ ನಾಳೆ ಮಣ್ಣು ಹೊತ್ತು ಶಿಖರದ ಆಚೆ ಬದಿಯಲ್ಲಿ ನಡೆಯಲಿ. ತಪ್ಪಿದರೆ ತಲೆ ತೆಗೆಸುತ್ತೇನೆ,” ಎಂದ ಅರಸ.

ಕೆಂಚಜ್ಜ ಬೊಪ್ಪಯ್ಯನ ಬಾಗಿಲಿಗೆ ಓಡಿಬಂದ. “ಬುದ್ದೀ, ನಂಗಿರೋದು ಒಂದೇ ಮೊಮ್ಮಗ. ಅದರ ಮೇಲೆ ಸುಳ್ಳು ಆಣೆ ಹೆಂಗಿಡ್ಲಿ?”

ಬೊಪ್ಪಯ್ಯನಿಗೆ ಕನಿಕರವಾಯಿತು. ಅರಸನ ಮೇಲೆ ಸಿಟ್ಟೂ ಬಂತು. “ಮನೆಗೆ ಹೋಗಿ ಉಂಡು ಮಲಗು ಅಜ್ಜ. ಹೊರೋದಕ್ಕೆ ಬೇರೆ ತಲೆ ಹುಡುಕ್ತೀನಿ,” ಎಂದ.

ಮರುದಿನ ಗುಡ್ಡದ ಬುಡದಲ್ಲಿ ಎರಡೂ ಕಡೆಯವರು ನೆರೆದರು. ಬೊಪ್ಪಯ್ಯ ಎಲ್ಲರಿಗೂ ಕೇಳುವಂತೆ ಕೈಮುಗಿದ.

“ಪ್ರಭು, ಹೊಲದ ಬದುವಾದರೆ ತಳವಾರನ ತಲೆ ಸಾಕು. ಶಿಖರದ ಮಣ್ಣಿಗೆ ಕಿರೀಟ ಹೊತ್ತ ತಲೆಯೇ ಸರಿ. ತಮಗೆ ಧೈರ್ಯವಿಲ್ಲ ಅಂತ ಆಚೆಯವರು ಆಡಿಕೊಳ್ಳಬಾರದಲ್ಲ!”

“ಯಾರಿಗೆ ಧೈರ್ಯವಿಲ್ಲ?” ಅರಸ ಕಿರೀಟ ತೆಗೆದು ಹೆಂಟೆ ಹೊತ್ತೇಬಿಟ್ಟ. ಕೆಸರು ಮೀಸೆಗಿಳಿಯಿತು.

ಪೂಜಾರಿ ಆಣೆ ಹೇಳಿಕೊಟ್ಟ: “ಸುಳ್ಳು ಹೆಜ್ಜೆಯಿಟ್ಟರೆ ಅದರ ಪಾಪ ನನ್ನ ಮಗನಿಗೆ ತಟ್ಟಲಿ.”

ಅಷ್ಟು ಜನರ ಮುಂದೆ ಅರಸ ಅದನ್ನು ಹೇಳಲೇಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಅರಮನೆಯಲ್ಲಿ ಈಗಷ್ಟೇ ತೊದಲು ಮಾತು ಕಲಿಯುತ್ತಿದ್ದ ಮಗ ಕಣ್ಮುಂದೆ ಬಂದ. ಶಿಖರದ ಕಡೆಗೆ ಕಾಲೇ ಏಳಲಿಲ್ಲ. ಹುರುಳಿ ಹೊಲದ ಅಂಚಿನಲ್ಲಿ, ಮುತ್ತಜ್ಜನ ಕಾಲದ ಗಡಿಯ ಮೇಲೇ ನೆಟ್ಟಗೆ ನಡೆದುಬಿಟ್ಟ.

ಆಚೆಯವರು ಜಯಕಾರ ಹಾಕಿದರು. ಅರಸ ಮಣ್ಣನ್ನು ಎತ್ತಿ ಎಸೆದ.

“ಬೊಪ್ಪಯ್ಯಾ, ನಿನ್ನಿಂದ ನನ್ನ ಶಿಖರ ಹೋಯಿತು!”

“ನನ್ನಿಂದಲ್ಲ ಪ್ರಭು,” ಎಂದ ಬೊಪ್ಪಯ್ಯ. “ಕೆಂಚಜ್ಜನ ಮೊಮ್ಮಗನ ಮೇಲೆ ಆಣೆಯಿಡಿಸಲು ಹೊರಟಾಗ ಶಿಖರ ನಮ್ಮದೇ ಆಗಿತ್ತು. ತಮ್ಮ ಮಗನ ಮೇಲೆ ಇಟ್ಟ ಕೂಡಲೇ ಅವರದಾಯಿತು.”