ಹಜಾರದ ಭಾವಚಿತ್ರ

ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ಸಂಗಪ್ಪನವರು ಇಟಲಿಯ ಹಳ್ಳಿಯೊಂದರಲ್ಲಿ, ದುರಸ್ತಿಯಾಗಿ ಥಳಥಳಿಸುತ್ತಿದ್ದ ಹಳೆಯ ತೋಟದ ಬಂಗಲೆ ಕೊಳ್ಳಲು ಹೋದರು. ಮಾರುವವರು ಆಲ್ವೀಸೆ ಸಾಹೇಬರು. ಜಮೀನು ಕೈಬಿಡುತ್ತಿದ್ದರೂ ಜಂಬ ಹಾಗೇ ಇತ್ತು. ಸಹಿ ಹಾಕುವ ಹೊತ್ತಿಗೆ ಅವರು ಹೊಸ ಷರತ್ತು ಒಡ್ಡಿದರು.

"ಹಜಾರದಲ್ಲಿರುವ ನನ್ನ ಭಾವಚಿತ್ರವನ್ನು ಎಂದೆಂದಿಗೂ ಇಳಿಸಕೂಡದು. ಇಲ್ಲವಾದರೆ ವ್ಯಾಪಾರವೇ ಬೇಡ."

ಸಂಗಪ್ಪನವರ ಮುಖ ಸಪ್ಪಗಾಯಿತು. ಇಟಲಿಗೆ ಪತ್ರ ಬರೆದು ಬರೆದೇ ಆ ಭಾಷೆ ಕಲಿತಿದ್ದ ಗುಮಾಸ್ತ ತಿಪ್ಪಣ್ಣ ಕೈಮುಗಿದ.

"ನಮ್ಮ ಭಾಗ್ಯ ಸ್ವಾಮಿ. ಚಿತ್ರಕ್ಕೆ ಗಂಧದ ಹಾರ ಹಾಕಿ, ದಿನಾ ಊದುಬತ್ತಿ ಹಚ್ಚುತ್ತೇವೆ. ವರ್ಷಕ್ಕೊಮ್ಮೆ ಊರಿಗೆಲ್ಲ ಹೋಳಿಗೆ ಊಟ. ಅದಕ್ಕೊಂದು ದಿನ ಗೊತ್ತಾಗಬೇಕಿತ್ತು."

ಸಾಹೇಬರು ಉಬ್ಬಿಹೋದರು. "ನಾನು ಹುಟ್ಟಿದ ದಿನವೇ?"

"ಅಲ್ಲ ಸ್ವಾಮಿ, ತಾವು ತೀರಿಕೊಳ್ಳುವ ದಿನ. ಅವಸರವೇನಿಲ್ಲ, ಅಂದಾಜು ಹೇಳಿದರೂ ಸಾಕು. ಹಾರ ಮಾತ್ರ ಇವತ್ತೇ ಹಾಕಿಬಿಡುತ್ತೇವೆ."

ಸಾಹೇಬರು ಆಳನ್ನೂ ಕರೆಯಲಿಲ್ಲ. ತಾವೇ ಕುರ್ಚಿ ಹತ್ತಿ ಚಿತ್ರ ಇಳಿಸಿಕೊಂಡು, ಅದನ್ನು ಬಗಲಲ್ಲಿ ಅವಚಿಕೊಂಡೇ ಸಹಿ ಹಾಕಿದರು.