ಕೆರೆಯಲ್ಲಿ ಸಿಕ್ಕ ಬಂಗುಡೆ

ಸಿದ್ದವೀರಪ್ಪನವರು ಮೀನು ತಿನ್ನುವವರಲ್ಲ, ಊರ ಕೆರೆಯ ಮೀನಿನ ಗುತ್ತಿಗೆ ಮಾತ್ರ ಅವರದೇ. ಗದ್ದೆಗೆ ಹೊಡೆದ ಕೀಟನಾಶಕ ಕೆರೆಗಿಳಿದಿದೆ ಎಂದು ಊರೆಲ್ಲ ಗುಲ್ಲು. ಅವರು ಪೇಟೆಯಿಂದ ಮೀನು ತರಿಸಿ, ಪ್ರಯೋಗಾಲಯದ ಮೇಜಿನ ಮೇಲೆ ಕುಕ್ಕಿದರು.

"ನಮ್ಮ ಕೆರೆಯದು. ವಿಷ ಇಲ್ಲ ಅಂತ ಈಗಲೇ ಬರೆದುಕೊಡಿ!"

ಅಲ್ಲಿ ಪರೀಕ್ಷೆಗೆ ಮೀನು ಹೆಚ್ಚಿಕೊಡುವವಳು ಮಲ್ಪೆಯ ಜಲಜಕ್ಕ. ಚೀಲ ಬಿಚ್ಚಿದಳು, ಮೂಸಿದಳು, ಪೆನ್ನು ತೆಗೆದಳು.

"ಬರೆಯುವ, ಸ್ವಾಮಿ. ಒಂದೇ ಅನುಮಾನ. ಇದು ಬಂಗುಡೆ, ಸಮುದ್ರದ ಮೀನು. ನಿಮ್ಮ ಕೆರೆಗೆ ಹಡಗು ಎಷ್ಟು ಗಂಟೆಗೆ ಬರುತ್ತದೆ?"

ಸಿದ್ದವೀರಪ್ಪ ಚೀಲ ಬಿಟ್ಟೇ ಓಡಿದರು.

ಮರುದಿನ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ಮೂಗು ಮುಚ್ಚಿಕೊಂಡು, ಒದ್ದಾಡುವ ಕಾಟ್ಲಾ ಮೀನಿನ ಬಕೆಟ್ ಹಿಡಿದು ಬಂದರು.

ಜಲಜಕ್ಕ ಇಣುಕಿ ನಕ್ಕಳು. "ಹಾಂ, ಇವ ನಿಮ್ಮೂರಿನವನೇ. ಈಗ ವಿಷ ನೋಡುವ."