ಕೆಂಚನ ತೀರ್ಪು

ಮಕ್ಕಳೇ, ಐದು ಕಾಡುಗಳು ಕೂಡುವಲ್ಲಿ ಒಂದು ಕೆರೆಯಿತ್ತು. ಅದರ ದಡದ ಹಸಿ ಜೇಡಿಮಣ್ಣಿನಲ್ಲಿ ಐದು ಕಾಡಿನ ಅರಸರೂ ಒಮ್ಮೆ ಪಂಜ ಒತ್ತಿ ಮಾತು ಕೊಟ್ಟಿದ್ದರು. ಯಾರನ್ನಾದರೂ ಹಿಡಿದೊಯ್ದರೆ ಅವರು ಏನಾದರೆಂದು ಮನೆಯವರಿಗೆ ಹೇಳಬೇಕು. ಹೇಳದಿದ್ದರೆ ಐದು ಕಾಡಿನ ಪಂಚರು ಕೇಳುತ್ತಾರೆ. ಆ ಅರಸರಲ್ಲಿ ಒಬ್ಬನಾದ ಹುಲಿರಾಯ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ತನ್ನ ಗುರುತೇ ದೊಡ್ಡದಾಗಿ ಕಾಣಲಿ ಎಂದು ಪಂಜವನ್ನು ಆಳಕ್ಕೆ ಒತ್ತಿ, ಮೀಸೆ ತಿರುವಿಕೊಂಡು ಬಂದಿದ್ದ.

ಅವನ ಕಾಡಿನಲ್ಲಿ ನೀಲವ್ವ ಎಂಬ ಜಿಂಕೆಗೆ ಒಬ್ಬನೇ ಮಗ, ಕೆಂಚ. ಪ್ರಾಣಿಗಳು ನೆಕ್ಕುವ ಉಪ್ಪುಮಣ್ಣಿನ ದಿಬ್ಬ ಹುಲಿಯೊಬ್ಬನದಲ್ಲ, ಎಲ್ಲರದು ಎಂದು ಅವನು ಹೇಳಿಬಿಟ್ಟ. ಅಂದೇ ಹುಲಿಯ ತೋಳಗಳು ವಿಚಾರಣೆಗೆಂದು ಅವನನ್ನು ಕರೆದೊಯ್ದವು. ಅವನು ತಿರುಗಿ ಬರಲಿಲ್ಲ.

ನೀಲವ್ವ ಹುಲಿರಾಯನನ್ನು ಕೇಳಿದಳು. ಕೆಂಚ ಎಂಬವನು ತನ್ನ ಕಾಡಿನಲ್ಲಿ ಹುಟ್ಟಿಯೇ ಇಲ್ಲ ಎಂದ ಅವನು. ಕಾಡಿನಲ್ಲಿ ನ್ಯಾಯ ಹೇಳುವ ಕರಡಿಯೂ ಹುಲಿಯ ಗುಹೆಯ ಕಡೆ ಹೆದರಿ ನೋಡಿ, ಅವಳನ್ನು ಮನೆಗೆ ಕಳಿಸಿತು. ಹೆತ್ತ ಕರುಳು ಸುಮ್ಮನಿರುತ್ತದೆಯೇ? ಅವಳು ಕೆರೆಯ ಪಂಚರ ಬಳಿ ಹೋದಳು.

ಪಂಚರು ಕರೆದಾಗ ಹುಲಿರಾಯನೂ ಬಂದು ಗತ್ತಿನಿಂದ ಕೇಳಿದ: "ಕೊಂದದ್ದನ್ನು ಯಾರು ಕಂಡಿದ್ದಾರೆ? ಮೂಳೆ ಎಲ್ಲಿ?"

ಪಂಚರ ಹಿರಿಯ ಆಮೆಯಜ್ಜ ಒಣಗಿ ಕಲ್ಲಾಗಿದ್ದ ಪಂಜದ ಗುರುತನ್ನು ತೋರಿಸಿದ. "ಇದು ನಿನ್ನದೇ. ನಿನ್ನ ತೋಳಗಳು ಕರೆದೊಯ್ದದ್ದನ್ನು ಜಿಂಕೆಗಳ ಹಿಂಡೇ ಕಂಡಿದೆ. ಕರೆದೊಯ್ದವನೇ ಉತ್ತರ ಹೇಳಬೇಕು, ಅಳುವ ತಾಯಿಯಲ್ಲ. ಹೇಳದೆ ಬಾಯಿ ಮುಚ್ಚಿದರೆ ತಪ್ಪು ನಿನ್ನದೇ. ಮೂಳೆಯನ್ನಾದರೂ ಅವಳಿಗೆ ಒಪ್ಪಿಸು."

ಹುಲಿರಾಯ ನಕ್ಕು ಹೊರಟುಹೋದ. ಅವನನ್ನು ತಡೆಯುವ ಶಕ್ತಿ ಪಂಚರಿಗಿರಲಿಲ್ಲ. ಬರಿಗೈಲಿ ಮರಳಿದ ನೀಲವ್ವನಿಗೆ, ಅಷ್ಟು ದೂರ ಹೋದದ್ದೇ ದಂಡ ಎನಿಸಿತು.

ಮುಂದಿನ ಬೇಸಿಗೆಯಲ್ಲಿ ಪಕ್ಕದ ಕಾಡಿನ ಮೊಲವೊಂದು ಮರಿಯೊಂದಿಗೆ ಅವಳನ್ನು ಹುಡುಕಿಕೊಂಡು ಬಂತು. ಮರಿಯ ಕಿವಿಯಲ್ಲಿ ತೋಳದ ಹಲ್ಲಿನ ಗಾಯ ಇನ್ನೂ ಹಸಿಯಾಗಿತ್ತು.

"ಅಕ್ಕಾ, ಇವನನ್ನೂ ತೋಳಗಳು ಹಿಡಿದೊಯ್ದಿದ್ದವು. ಪಂಚರು ಕೊಟ್ಟ ಕೆಂಚನ ತೀರ್ಪನ್ನು ನಮ್ಮ ಕಾಡನ್ನಾಳುವ ಚಿರತೆಯ ಮುಂದೆ ಹೇಳಿದೆ. ತನ್ನ ಪಂಜವೂ ಆ ಮಣ್ಣಿನಲ್ಲಿದೆ, ನಾಳೆ ತನ್ನನ್ನೂ ಪಂಚರ ಮುಂದೆ ಎಳೆದು ಹೆಸರು ಕೆಡಿಸುತ್ತಾರೆ ಅಂತ ಹೆದರಿ ಇವನನ್ನು ಬಿಟ್ಟಿತು."

ಮಗನ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ನೀಲವ್ವ ಮರಿಯ ಬಳಿ ಬಾಗಿದಳು. ಅವಳು ಮರಿಯ ಗಾಯವನ್ನು ನೆಕ್ಕಿದಳು. "ಅಮ್ಮನ ಪಕ್ಕದಲ್ಲೇ ಇರು ಕಂದಾ," ಎಂದಳು.

ಆಮೇಲೆ ಎಂದಿನಂತೆ, ಮಗನ ಮೂಳೆ ಹುಡುಕಲು ದಿಬ್ಬದ ಕಡೆ ನಡೆದಳು.

ನೀತಿ: ನ್ಯಾಯ ಕೇಳಿದವರಿಗೇ ಅದು ದಕ್ಕದೆ ಹೋಗಬಹುದು, ಆದರೂ ಕೇಳಬೇಕು, ಮುಂದೆ ಯಾರದೋ ಮಗು ಅದರಿಂದ ಉಳಿಯುತ್ತದೆ.